ನಾಲ್ಕನೇ ಆಲ್ಬಮಿನ ಪಂಡಿತರಾಗುವ ಕ್ರಮ

ಮೊದಲು ಬ್ಯಾಂಡನ್ನು ಆರಿಸಿಕೊಳ್ಳಿ. ಅದು 1960ರ ದಶಕದ್ದಾಗಿರಲಿ. ಅದರ ಒಂದೇ ಒಂದು ಹಾಡು ಅಂದಿನವರನ್ನೆಲ್ಲ ಕುಣಿಸಿರಲಿ. ಆಮೇಲೆ ಬಂದ ಆಲ್ಬಮುಗಳನ್ನು ಮಾತ್ರ ಯಾರೂ ಮೂಸಿಯೂ ನೋಡಿರಬಾರದು. ಇದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದು ಉಂಟು: ನಮ್ಮ ಕಾಸರಗೋಡಿನ ದೇಲಂಪಾಡಿ ಪಂಚಾಯತಿನ ಗಡಿಯೊಳಗೆ ಆ ಬ್ಯಾಂಡಿನ ಹೆಸರು ಕೇಳಿದವರು ನಿಮ್ಮನ್ನು ಬಿಟ್ಟು ಇನ್ನೊಬ್ಬರಿರಬಾರದು. ಇದೇನು ಮಹಾ ಎಂದು ಉದಾಸೀನ ಮಾಡಬೇಡಿ. ಗಲ್ಫಿನಿಂದ ಮರಳಿದವರು ಊರಲ್ಲಿದ್ದಾರೆ. ಅವರ ಸೂಟ್‌ಕೇಸಿನಲ್ಲಿ ಟೇಪ್ ರೆಕಾರ್ಡರ್ ಬಂದಿತ್ತು, ಅದರೊಳಗೆ ಬೋನಿ ಎಂ ಇತ್ತು. ಅವರೆದುರು ಎಪ್ಪತ್ತರ ದಶಕದ ಮಾತೆತ್ತಿದರೆ ನಿಮಗಿಂತ ಹೆಚ್ಚು ಗೊತ್ತಿರುವವರು ಅಂಗಡಿ ಬೆಂಚಿನಲ್ಲೇ ಸಿಕ್ಕಿಬಿಡುತ್ತಾರೆ. ಆದ್ದರಿಂದ ಅರುವತ್ತರ ದಶಕ ಬಿಟ್ಟು ಈಚೆ ಬರಬೇಡಿ.

ಜನಪ್ರಿಯ ಹಾಡನ್ನು ಮೆಚ್ಚುವುದಕ್ಕೆ ಯೋಗ್ಯತೆ ಬೇಕಿಲ್ಲ. ಕಿವಿ ಇದ್ದರೆ ಸಾಕು. ಯಾರೂ ಮೆಚ್ಚದ ಹಾಡನ್ನು ಮೆಚ್ಚುವುದಕ್ಕೆ ಕಿವಿಯೂ ಬೇಡ, ನೆನಪಿನ ಶಕ್ತಿ ಇದ್ದರಾಯಿತು. ಇದೊಂದನ್ನು ಮನಸ್ಸಿನಲ್ಲಿಟ್ಟು ಮುಂದೆ ಓದಿ.

ಕೆಲವು ಬ್ಯಾಂಡುಗಳನ್ನು ಮೊದಲ ನೋಟಕ್ಕೇ ಬದಿಗೆ ಸರಿಸಿ. ಇಂಗ್ಲೆಂಡಿನ ಝಾಂಬೀಸ್ ಬೇಡ. ಅವರ ‘ಒಡೆಸ್ಸಿ ಆ್ಯಂಡ್ ಓರಾಕಲ್’ 1968ರಲ್ಲಿ ಬಂತು. ಬರುವಷ್ಟರಲ್ಲಿ ಬ್ಯಾಂಡೇ ಒಡೆದಿತ್ತು. ಹೊದಿಕೆಯ ಮೇಲೆ ಹೆಸರಿನ ಸ್ಪೆಲ್ಲಿಂಗೂ ತಪ್ಪಾಗಿತ್ತು. ಇಷ್ಟೆಲ್ಲ ಸುಲಕ್ಷಣಗಳಿದ್ದರೂ ಆ ಆಲ್ಬಮ್ ನಿಜಕ್ಕೂ ಚೆನ್ನಾಗಿದೆ. ಚೆನ್ನಾಗಿರುವುದನ್ನು ಬೇರೆಯವರು ಆಗಲೇ ಪತ್ತೆ ಮಾಡಿರುತ್ತಾರೆ. ಅಮೆರಿಕದ ನೆಬ್ರಾಸ್ಕದ ಝೇಗರ್ ಮತ್ತು ಇವಾನ್ಸ್ ಜೋಡಿಯೂ ಬೇಡ. 2525ನೇ ಇಸವಿಯ ಬಗ್ಗೆ ಅವರು ಹಾಡಿದ ಹಾಡು 1969ರಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವಾರವೂ ಅದೇ ಮೇಲಿತ್ತು. ಆಮೇಲೆ ಆ ಜೋಡಿಯ ಯಾವ ಹಾಡೂ ಪಟ್ಟಿಯ ಹತ್ತಿರ ಸುಳಿಯಲಿಲ್ಲ. ಈ ಕಥೆ ಎರಡು ವಾಕ್ಯಕ್ಕೆ ಮುಗಿಯುತ್ತದೆ. ಎರಡು ವಾಕ್ಯಕ್ಕೆ ಮುಗಿಯುವ ಬ್ಯಾಂಡನ್ನು ಕಟ್ಟಿಕೊಂಡು ಮದುವೆ ಊಟಕ್ಕೆ ಹೋಗುವ ಹಾಗಿಲ್ಲ.

ನೀವು ಆರಿಸಬೇಕಾದದ್ದು ಲಾಸ್ ಏಂಜಲೀಸಿನ ಸ್ಟ್ರಾಬೆರಿ ಅಲಾರ್ಮ್ ಕ್ಲಾಕ್. ಹೆಸರಲ್ಲೇ ಒಂದು ಹಣ್ಣು, ಒಂದು ಗಡಿಯಾರ. ಇವರ ‘ಇನ್ಸೆನ್ಸ್ ಆ್ಯಂಡ್ ಪೆಪ್ಪರ್‌ಮಿಂಟ್ಸ್’ ಎಂಬ ಹಾಡು 1967ರ ನವೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಆ ಹಾಡನ್ನು ನೀವು ಕೇಳಬೇಕಾಗಿಲ್ಲ. ಕೆಳಗಿನ ಸಂಗತಿಗಳನ್ನು ಬಾಯಿಪಾಠ ಮಾಡಿ.

ಆ ಹಾಡನ್ನು ಹಾಡಿದವನು ಆ ಬ್ಯಾಂಡಿನವನೇ ಅಲ್ಲ. ಗ್ರೆಗ್ ಮನ್‌ಫರ್ಡ್ ಎಂಬ ಹದಿನಾರರ ಹುಡುಗ. ಬೇರೆ ತಂಡದವನು, ರೆಕಾರ್ಡಿಂಗಿನ ದಿನ ಅಲ್ಲಿದ್ದ. ಆ ಹಾಡು ಮೊದಲು ಸಿಂಗಲ್ಲಿನ ಹಿಂಬದಿಯಲ್ಲಿತ್ತು. ಮುಂಬದಿಯಲ್ಲಿದ್ದದ್ದು ‘ದಿ ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಶ್’. ರೇಡಿಯೋದವರು ಮಗುಚಿ ಹಾಕಿದರು, ಹಿಂದಿನದು ಮುಂದೆ ಬಂತು. ರಾಗದ ಮೂಲ ಎಳೆ ಕೊಟ್ಟದ್ದು ಬ್ಯಾಂಡಿನ ಮಾರ್ಕ್ ವೈಟ್ಜ್ ಮತ್ತು ಎಡ್ ಕಿಂಗ್. ರೆಕಾರ್ಡಿನ ಮೇಲೆ ಅವರಿಬ್ಬರ ಹೆಸರಿಲ್ಲ. ಹೀಗೆ ತಮ್ಮವನಲ್ಲದವನು ಹಾಡಿದ, ತಮ್ಮ ಹೆಸರಿಲ್ಲದ, ಹಿಂಬದಿಗೆ ತಳ್ಳಿದ್ದ ಹಾಡಿನಿಂದ ಅವರು ಪ್ರಸಿದ್ಧರಾದರು. ತಾವೇ ಬರೆದು, ತಾವೇ ಹಾಡಿ, ಮುಂಬದಿಯಲ್ಲಿಟ್ಟದ್ದನ್ನು ಜನ ಕೇಳಲಿಲ್ಲ. ಇಲ್ಲಿ ಒಂದು ನಿಟ್ಟುಸಿರು ಬಿಡಿ. ಕನ್ನಡಿಯೆದುರು ಸ್ವಲ್ಪ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

(ಅದೇ 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ವರದಿ ಕೊಟ್ಟಿತು. ನಮ್ಮ ಕಡೆ ಆ ವರ್ಷವೆಂದರೆ ಇಂದಿಗೂ ನೆನಪಾಗುವುದು ಅದೊಂದೇ ರೆಕಾರ್ಡು. ಆಗಿದೆ, ಬಿಡುಗಡೆ ಮಾತ್ರ ಆಗಿಲ್ಲ. ಯಾರಾದರೂ 1967 ಎಂದ ಕೂಡಲೇ ಆ ಕಡೆಗೆ ಹೊರಳಿದರೆ ಮಾತು ತಪ್ಪಿಸಿ. ಆ ವಿಷಯದಲ್ಲಿ ಪಂಡಿತರು ವಿಪರೀತ. ನಿಮಗೆ ಜಾಗ ಸಿಗುವುದಿಲ್ಲ.)

ಈಗ ಆಲ್ಬಮುಗಳಿಗೆ ಬನ್ನಿ. ಮೊದಲನೆಯದು 1967ರದ್ದು, ಹಿಟ್ ಹಾಡಿನದ್ದೇ ಹೆಸರು. ಅದನ್ನು ಕೈಯಲ್ಲೂ ಮುಟ್ಟಬೇಡಿ. ಎರಡನೆಯದು 1968ರ ‘ವೇಕ್ ಅಪ್ ಇಟ್ಸ್ ಟುಮಾರೋ’. ಅದರಲ್ಲಿ ‘ಸಿಟ್ ವಿದ್ ದ ಗುರು’ ಎಂಬ ಹಾಡುಂಟು. ಬೀಟಲ್ಸ್ ಹೃಷಿಕೇಶಕ್ಕೆ ಹೋಗಿ ಕೂತ ಕಾಲ ಅದು. ಲಾಸ್ ಏಂಜಲೀಸಿನವರೂ ಗುರುಗಳ ಪಕ್ಕ ಒಂದು ಚಾಪೆ ಹಾಸಿದರು. ಮೂರನೆಯದು ಅದೇ ವರ್ಷದ ‘ದಿ ವರ್ಲ್ಡ್ ಇನ್ ಎ ಸೀಶೆಲ್’. ಕಂಪೆನಿಯವರು ಹೊರಗಿನವರಿಂದ ಹಾಡು ಬರೆಸಿ, ಪಿಟೀಲುಗಳ ಗುಂಪು ತಂದು ಕೂರಿಸಿದರು. (ಇದು ಅಷ್ಟಕ್ಕಷ್ಟೇ. ಈ ಗುಟ್ಟು ನಮ್ಮಲ್ಲೇ ಇರಲಿ.) ನಾಲ್ಕನೆಯದು 1969ರ ‘ಗುಡ್ ಮಾರ್ನಿಂಗ್ ಸ್ಟಾರ್‌ಶೈನ್’. ಶೀರ್ಷಿಕೆಯ ಹಾಡು ‘ಹೇರ್’ ಎಂಬ ಸಂಗೀತ ನಾಟಕದ್ದು. ಅದೇ ಸಮಯಕ್ಕೆ ಆಲಿವರ್ ಎಂಬ ಗಾಯಕ ಅದೇ ಹಾಡನ್ನು ಹಾಡಿ ಮೂರನೇ ಸ್ಥಾನಕ್ಕೆ ಹೋದ. ಇವರದ್ದು ಪಟ್ಟಿಯ ಬುಡದಲ್ಲೇ ಉಳಿಯಿತು. ನೀವು ಹಿಡಿಯಬೇಕಾದದ್ದು ಈ ನಾಲ್ಕನೆಯದನ್ನು. ಎರಡನೆಯದನ್ನು ಮೆಚ್ಚುವವರು ಹವ್ಯಾಸಿಗಳು. ಮೂರನೆಯದನ್ನು ಮೆಚ್ಚುವವರು ಸುಳ್ಳರು. ನಾಲ್ಕನೆಯದಕ್ಕೆ ಮಾತ್ರ ಪಂಡಿತರಿದ್ದಾರೆ.

ಇವರಿಗೆ ಒಂದೇ ಹಿಟ್ ಎಂದು ಯಾರಾದರೂ ಅಂದರೆ ಕೂಡಲೇ ತಿದ್ದಿ: ‘ಟುಮಾರೋ’ ಹಾಡು 1968ರಲ್ಲಿ 23ನೇ ಸ್ಥಾನಕ್ಕೆ ಹೋಗಿತ್ತು. ಕೇಳಿದವರಿಗೆ 23 ಎಂಬುದು ಹಿಟ್ಟೋ ಅಲ್ಲವೋ ಎಂಬ ಸಂಶಯ ಮೂಡುತ್ತದೆ. ಆ ಸಂಶಯ ಬಗೆಹರಿಸಬೇಡಿ; ಅಲ್ಲೇ ನಿಮ್ಮ ಅನ್ನ ಇರುವುದು.

ಇನ್ನು ರೆಕಾರ್ಡು ತರಿಸುವುದು. ಫೋನಿನಲ್ಲಿ ಎಲ್ಲವೂ ಪುಕ್ಕಟೆ ಸಿಗುತ್ತದೆ ಎಂಬುದನ್ನು ಮರೆತುಬಿಡಿ. ಹೊರದೇಶದಿಂದ ತರಿಸಿ. ರೆಕಾರ್ಡಿನ ಬೆಲೆಗಿಂತ ಸಾಗಣೆ ಹೆಚ್ಚು, ಸಾಗಣೆಯ ಮೇಲೆ ಸುಂಕ ಬೇರೆ. ಮನೆಯಲ್ಲಿ ಕೇಳಿದರೆ ಮೂರನ್ನೂ ಕೂಡಿಸಿ ಹೇಳಬೇಡಿ. ಮೂರು ಬೇರೆ ಬೇರೆ ವಾರಗಳಲ್ಲಿ ಹೇಳಿ. ಹಳತು ಅಡಿಕೆಗೆ ರೇಟು ಏರಿದ ವಾರ ನೋಡಿಕೊಂಡು ಕೊನೆಯದನ್ನು ಹೇಳಿದರೆ ಉತ್ತಮ. ರೇಟು ಏರದ ವರ್ಷ ಕೊಳೆರೋಗದ ಮೇಲೆ ಹಾಕಿ.

ಬಂದ ರೆಕಾರ್ಡನ್ನು ಇಡುವ ಕ್ರಮ ಗಮನವಿಟ್ಟು ಓದಿ, ಹೆಚ್ಚಿನವರು ಎಡವುವುದು ಇಲ್ಲೇ. ತಿಳಿದವರು ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿ ಇಡಬೇಕೆನ್ನುತ್ತಾರೆ. ನಿಲ್ಲಿಸಿಟ್ಟರೆ ಬಂದವರಿಗೆ ಅಂಚು ಮಾತ್ರ ಕಾಣುತ್ತದೆ, ಹೊದಿಕೆಯ ಚಿತ್ರ ಕಾಣುವುದಿಲ್ಲ. ಒಂದರ ಮೇಲೊಂದು ಪೇರಿಸಿ, ನಾಲ್ಕನೆಯದನ್ನು ಮೇಲಿಟ್ಟು, ಅಟ್ಟಕ್ಕೆ ಏರಿಸಿ. ಅಟ್ಟವೆಂದರೆ ಹಂಚಿನ ಮಾಡಿಗೆ ತಲೆ ತಾಗುವಲ್ಲಿ, ಹಳತು ಅಡಿಕೆಯ ಗೋಣಿಗಳ ಪಕ್ಕ. ಮಾರ್ಚ್, ಏಪ್ರಿಲಿನ ಕಾವಿಗೆ ವಿನೈಲ್ ಮೆತ್ತಗಾಗಿ ಬಾಗುತ್ತದೆ. ಬಾಗಿದ ರೆಕಾರ್ಡನ್ನು ತಿರುಗಿಸಿದರೆ ಸೂಜಿ ಏರುತ್ತದೆ, ಇಳಿಯುತ್ತದೆ. ಜತೆಗೆ ಶ್ರುತಿಯೂ ಏರಿ ಇಳಿಯುತ್ತದೆ. ಅದನ್ನು ‘ಸೈಕೆಡೆಲಿಕ್’ ಎನ್ನಿ. ಅಮೆರಿಕದವರು ಇದಕ್ಕಾಗಿ ಔಷಧಿ ನುಂಗುತ್ತಿದ್ದರು. ನಿಮಗೆ ಹಂಚಿನ ಮಾಡೇ ಸಾಕು.

ಮಳೆಗಾಲದ ಮಾತು ಬೇರೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಟಿ ತಿಂಗಳ ನಡುವಿಗೆ ಹೊದಿಕೆಯ ರಟ್ಟು ಎರಡು ಪದರವಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಕಾಗದ ರೆಕಾರ್ಡಿಗೆ ಅಂಟಿ, ಎಳೆದರೆ ಪಿಸುಗುಟ್ಟುತ್ತಾ ಬರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗೆರೆಗಳ ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು, ಒಂದೊಂದರ ಸುತ್ತಲೂ ರೋಮದಂಥ ಅಂಚು. ಬೂಷ್ಟು. ಬೆರಳಿನಲ್ಲಿ ಒರೆಸಿದರೆ ಹೋಗುತ್ತದೆ; ಎರಡು ದಿನ ಬಿಟ್ಟು ಬೆರಳಿನ ಗುರುತು ಬಿದ್ದಲ್ಲೇ ಇನ್ನಷ್ಟು ದಟ್ಟವಾಗಿ ಬರುತ್ತದೆ. ಡಿಸ್ಟಿಲ್ಡ್ ವಾಟರ್, ಮೆತ್ತಗಿನ ಬಟ್ಟೆ ಎಂದೆಲ್ಲ ಸಮಯ ಹಾಳು ಮಾಡಬೇಡಿ. ಹಾಗೇ ತಿರುಗಿಸಿ. ಚಟಪಟ ಸದ್ದು ಬರುತ್ತದೆ. ಹೊರಗಿನ ಮಳೆಯ ಸದ್ದು ಯಾವುದು, ಒಳಗಿನದು ಯಾವುದು ಎಂದು ತಿಳಿಯದಂತಾದರೆ ನಿಮ್ಮ ಸೆಟ್ ಸರಿಯಾಗಿದೆ ಎಂದರ್ಥ.

ಸ್ವಚ್ಛಗೊಳಿಸಲೇಬೇಕು ಎಂಬ ಹಟ ಇದ್ದರೆ ಮೊದಲು ಅಜ್ಜನ ಕಾಲದ 78ರ ಪ್ಲೇಟುಗಳ ಮೇಲೆ ಪ್ರಯೋಗ ಮಾಡಿ. ಅವು ಅರಗಿನವು. ಒಳ್ಳೆಯ ಸ್ಪಿರಿಟಿನಲ್ಲಿ ಬಟ್ಟೆ ಅದ್ದಿ ಒತ್ತಿ ಒರೆಸಿ. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ, ಗೆರೆಗಳು ಮಾಯವಾಗಿ ಪ್ಲೇಟು ನುಣ್ಣಗಾಗುತ್ತದೆ, ಬಟ್ಟೆ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಪಿ. ಕಾಳಿಂಗರಾಯರು ಇದ್ದರು ಎಂದು ಆಮೇಲೆ ಗೊತ್ತಾದರೆ ಗಾಬರಿ ಬೇಡ. ಅವರು ಉಡುಪಿ ಕಡೆಯ ಆರೂರಿನವರು, ಮೋಹನಕುಮಾರಿ ಸೋಹನಕುಮಾರಿಯರ ಜತೆ ಹಾಡಿ ಕನ್ನಡದ ಭಾವಗೀತೆಗೆ ದಾರಿ ಮಾಡಿಕೊಟ್ಟವರು ಎಂಬುದೆಲ್ಲ ನಿಜ. ನಮ್ಮ ಕ್ಷೇತ್ರ ಅದಲ್ಲ.

ರೆಕಾರ್ಡ್ ಪ್ಲೇಯರಿಗೆ ಎಚ್‌ಎಂವಿ ಫಿಯೆಸ್ಟಾ ಹುಡುಕಿ. ಸೂಜಿ ಬದಲಿಸಬೇಡಿ, ಹಳೆಯ ಸೂಜಿಗೆ ಹಳೆಯ ಹಾಡು ಅಭ್ಯಾಸವಾಗಿರುತ್ತದೆ. ಹಾಡು ಹಾಕುವ ಹೊತ್ತು ಮಧ್ಯಾಹ್ನ ಎರಡು ಗಂಟೆಗಿರಲಿ, ಮನೆಯವರೆಲ್ಲ ಒಂದು ಗಳಿಗೆ ತಲೆ ಇಟ್ಟ ಸಮಯಕ್ಕೆ. ಒಳಗಿನಿಂದ “ಇದೆಂತ ಮಾರಾಯ್ರೆ, ಮಿಕ್ಸಿ ಪುನಃ ಹಾಳಾಯಿತಾ?” ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕೊಡಬೇಡಿ. ಕಣ್ಣು ಮುಚ್ಚಿ ತಲೆಯನ್ನು ನಿಧಾನಕ್ಕೆ ಎಡಕ್ಕೆ ವಾಲಿಸಿ. ಎರಡು ಬಾಸ್ ಗಿಟಾರ್ ಇದ್ದ ಬ್ಯಾಂಡು ಇದು. ಎರಡೂ ನಿಮಗೆ ಬೇರೆ ಬೇರೆಯಾಗಿ ಕೇಳುತ್ತಿವೆ ಎಂಬ ಮುಖ ಮಾಡಿ.

ಪ್ರಯೋಗಕ್ಕೆ ತಕ್ಕ ರಂಗಸ್ಥಳ ಉಪನಯನದ ಊಟದ ಪಂಕ್ತಿ. ಇಲ್ಲಿ ಸಮಯದ ಲೆಕ್ಕ ಬಿಗಿ. ಸಾರು ಬಂದಾಗ ಯಾರೂ ಮಾತಾಡುವುದಿಲ್ಲ, ಎಲೆಯಿಂದ ಹರಿದುಹೋಗದ ಹಾಗೆ ಕಟ್ಟೆ ಕಟ್ಟುವ ಕೆಲಸವಿರುತ್ತದೆ. ಮೇಲಾರಕ್ಕೂ ಪಾಯಸಕ್ಕೂ ನಡುವೆ ನಿಮಗೆ ಸಿಗುವ ಅವಕಾಶ ಕಿರಿದು, ಆದರೆ ಸಾಕಾಗುತ್ತದೆ. ಪಕ್ಕದ ಎಲೆಯವರು ಹಳೆಯ ಹಾಡಿನ ಮಾತು ತಾವಾಗಿ ಎತ್ತುವುದಿಲ್ಲ, ನೀವೇ ಎತ್ತಿಸಬೇಕು. ರೇಡಿಯೋ ಸಿಲೋನಿನಿಂದ ಶುರು ಮಾಡಿ. ಮಂಗಳೂರು ಆಕಾಶವಾಣಿ 1976ರಲ್ಲಿ ಬಂದದ್ದು. ಅದಕ್ಕೂ ಮೊದಲು ಶಾರ್ಟ್‌ವೇವ್ ತಿರುಗಿಸಿದವರು ಪ್ರತಿ ಪಂಕ್ತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರು ಖಂಡಿತ ಹೇಳುತ್ತಾರೆ:

“ಭಾವ, ನನಗೆ ಆ ಬೀಟಲ್ಸಿನವರದ್ದು ಅಂದರೆ ಭಾರೀ ಇಷ್ಟ.”

ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ. ಕರುಣೆಯಿಂದ ನಗಿ. “ಹೌದು ಭಾವ, ಶುರುವಿಗೆ ಎಲ್ಲರಿಗೂ ಹಾಗೇ” ಎನ್ನಿ. ಅಷ್ಟೇ ಸಾಕು. ಅವರು ಕೇಳದೆ ಬಿಡುವುದಿಲ್ಲ, “ಹಾಗಾದರೆ ಮತ್ತೆ ಎಂತದ್ದು ಕೇಳಬೇಕು?” ಆಗ ನಾಲ್ಕನೇ ಆಲ್ಬಮಿನ ಹೆಸರು ಹೇಳಿ, ಹೇಳಿದ ಕೂಡಲೇ “ಬಿಡಿ, ಅದು ಈಗ ಸಿಗಲಿಕ್ಕಿಲ್ಲ” ಎಂದು ಸೇರಿಸಿ. ಎಡ್ ಕಿಂಗ್ ಆಮೇಲೆ ಲಿನರ್ಡ್ ಸ್ಕಿನರ್ಡ್ ಎಂಬ ಬ್ಯಾಂಡಿಗೆ ಹೋಗಿ 1974ರ ‘ಸ್ವೀಟ್ ಹೋಮ್ ಅಲಬಾಮ’ ಹಾಡಿನ ರಚನೆಯಲ್ಲಿ ಕೈಯಾಡಿಸಿದ. 1970ರ ‘ಬಿಯಾಂಡ್ ದ ವ್ಯಾಲಿ ಆಫ್ ದ ಡಾಲ್ಸ್’ ಸಿನಿಮಾದ ಪಾರ್ಟಿ ದೃಶ್ಯದಲ್ಲಿ ನುಡಿಸುವ ಬ್ಯಾಂಡು ಇವರೇ. ಅದರ ಚಿತ್ರಕಥೆ ಮುಂದೆ ದೊಡ್ಡ ವಿಮರ್ಶಕನಾದ ರೋಜರ್ ಈಬರ್ಟನದ್ದು. ಇಷ್ಟನ್ನು ಪಾಯಸದ ಬಾಲ್ದಿ ನಿಮ್ಮ ಸಾಲಿನ ತುದಿಗೆ ಬರುವ ಮೊದಲು ಮುಗಿಸಿ. ಪಾಯಸ ಬಂದ ಮೇಲೆ ಎಡ್ ಕಿಂಗನ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಪಂಕ್ತಿಯ ಕೊನೆಯಲ್ಲಿ ಒಬ್ಬರು ನಿವೃತ್ತ ಮಾಸ್ತರರಿರುತ್ತಾರೆ. “ಅಮೆರಿಕದ್ದು ಸಾಕು, ನಮ್ಮ ಕಡೆಯವರದ್ದು ಎಂತದಾದರೂ ಉಂಟಾ?” ಎಂದು ಅವರು ಕೆಣಕುತ್ತಾರೆ. ಇದಕ್ಕೂ ತಯಾರಿರಿ. ಪಯಸ್ವಿನಿಯ ಕಡೆಗೆ ಬೆರಳು ತೋರಿಸಿ. ಅಡೂರಿನ ಮಹಾಲಿಂಗೇಶ್ವರನ ಬಳಿ ಹರಿದು ಬರುವ ಹೊಳೆ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಕೊಡಗಿನ ಮನೆತನದ, ಬೆಂಗಳೂರಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ ಅರುವತ್ತರ ದಶಕದಲ್ಲಿ ಟ್ರೋಜನ್ಸ್ ಎಂಬ ಬ್ಯಾಂಡು ಕಟ್ಟಿ ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಆಮೇಲೆ ಲಂಡನ್ನಿಗೆ ಹೋದರು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸನಿಂದ ‘ಐ ವಾಂಟ್ ಟು ಗಿವ್ ಯು ಮೈ ಎವ್ರಿಥಿಂಗ್’ ಎಂಬ ಹಾಡನ್ನು ಮನಸ್ಸಿಟ್ಟು ಹಾಡಿಸಿದರು. ಹಿಂಬದಿಗೆ ಏನಾದರೂ ಬೇಕಲ್ಲ ಎಂದು ಸ್ಟುಡಿಯೋದ ಹೊತ್ತು ಮುಗಿಯುವ ಕೊನೆಯ ಹತ್ತು ನಿಮಿಷದಲ್ಲಿ ಇನ್ನೊಂದನ್ನು ಮುಗಿಸಿದರು. ಆ ಹಿಂಬದಿಯ ಹಾಡೇ ‘ಕುಂಗ್ ಫೂ ಫೈಟಿಂಗ್’. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನ. ಕಾರ್ಲ್ ಡಗ್ಲಸ್ ಇಂದಿಗೂ ಆ ಒಂದೇ ಹಾಡಿನವನು.

ಮಾಸ್ತರರು ಇಷ್ಟಕ್ಕೇ ತಲೆದೂಗುತ್ತಾರೆ. ನಿಲ್ಲಿಸಬೇಡಿ. ಕುಂಗ್ ಫೂ ಹಾಡಿನ ಬಗ್ಗೆ ಕೆಟ್ಟದ್ದಾಗಿ ಮಾತಾಡಿ. ನಿಜವಾದ ಕಾರ್ಲ್ ಡಗ್ಲಸ್ 1966ರ ‘ಕ್ರೇಜಿ ಫೀಲಿಂಗ್’ ಕಾಲದವನು, ಬಿಗ್ ಸ್ಟಾಂಪೀಡ್ ಎಂಬ ತಂಡದ ಜತೆ ಸೋಲ್ ಸಂಗೀತ ಹಾಡುತ್ತಿದ್ದಾಗಿನವನು ಎನ್ನಿ. ಬಿದ್ದು ಅವರ ಬಗ್ಗೆಯೂ ಹಾಗೇ. ಅವರು ಮುಂದೆ 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ನಾಝಿಯಾ ಹಸನ್‌ರಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿದ್ದು, 1995ರಲ್ಲಿ ಅಲಿಷಾರ ‘ಮೇಡ್ ಇನ್ ಇಂಡಿಯಾ’ ಮಾಡಿದ್ದು ಊರಿಗೆಲ್ಲ ಗೊತ್ತು. ಆ ಹೆಸರು ಬಂದಾಗ ಕೆಮ್ಮಿ. 1969ರಲ್ಲಿ ಟೈಗರ್ಸ್ ಎಂಬ ಜಪಾನಿ ಬ್ಯಾಂಡಿಗೆ ಮಾಡಿಸಿದ ‘ಸ್ಮೈಲ್ ಫಾರ್ ಮಿ’ಯ ನಂತರ ಅವರಲ್ಲಿ ಆ ಹಸಿವು ಉಳಿಯಲಿಲ್ಲ ಎಂದುಬಿಡಿ. ಪಂಕ್ತಿಯಲ್ಲಿ ಇದನ್ನು ಅಲ್ಲಗಳೆಯಬಲ್ಲವರು ಇರುವುದಿಲ್ಲ.

ಕನ್ನಡದ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಯಾರಾದರೂ ‘ನಿತ್ಯೋತ್ಸವ’ ಎಂದರೆ, 1978ರಲ್ಲಿ ಕ್ಯಾಸೆಟ್ ಬಂದ ಮೇಲೆ ನಿಸಾರ್ ಅಹಮದರನ್ನು ಜನ ಆ ಒಂದೇ ಹಾಡಿಗೆ ಕಟ್ಟಿಹಾಕಿದರು ಎಂದು ವಿಷಾದಿಸಿ. ಅವರ ಬೇರೆ ಕವನ ಯಾವುದು ಎಂದು ಮರುಪ್ರಶ್ನೆ ಬಂದರೆ ಕೈ ತೊಳೆಯಲು ಏಳಿ.

ನಿಜವಾದ ಅಪಾಯ ಇರುವುದು ಮನೆಯ ಹತ್ತಿರ. ದೇಲಂಪಾಡಿಯಲ್ಲೇ ಬನಾರಿ ಎಂಬ ಜಾಗವುಂಟು. ಕೀರಿಕ್ಕಾಡು ವಿಷ್ಣು ಭಟ್ಟರು, ಊರವರ ಬಾಯಲ್ಲಿ ಕೀರಿಕ್ಕಾಡು ಮಾಸ್ತರರು, ಅಲ್ಲಿ ಗೋಪಾಲಕೃಷ್ಣ ಯಕ್ಷಗಾನ ಕಲಾ ಸಂಘ ಕಟ್ಟಿದರು. ಪ್ರಸಂಗ ಬರೆದರು, ಮಕ್ಕಳಿಗೆ ಅರ್ಥ ಹೇಳುವುದು ಕಲಿಸಿದರು. ಅವರು ಬರೆದ ಪ್ರಸಂಗಗಳ ಹೆಸರು ಊರಿನ ಎಷ್ಟು ಜನರಿಗೆ ಗೊತ್ತು ಎಂದು ಯಾರಾದರೂ ಕೇಳಿಬಿಟ್ಟಾರು. ಇನ್ನೊಂದು ಕಡೆ ಪಡ್ರೆಯ ಬಲಿಪ ನಾರಾಯಣ ಭಾಗವತರು. 2023ರಲ್ಲಿ ತೀರಿಹೋದರು. ಐದು ದಿನ ಆಡುವ ‘ದೇವೀ ಮಾಹಾತ್ಮ್ಯೆ’ ಬರೆದವರು ಎಂದು ಎಲ್ಲರೂ ಹೇಳುತ್ತಾರೆ. ಅದರಾಚೆಗೆ ಅವರು ಬರೆದದ್ದು ಬೇಕಾದಷ್ಟುಂಟು. ಅದನ್ನು ಹಾಡಿಸಿ, ಆಡಿಸಿ, ಹೊಸದಾಗಿ ಕಂಡುಕೊಳ್ಳಬೇಕು ಎಂದು ಹೇಳುವ ಹುಡುಗರು ಹುಟ್ಟಿಕೊಂಡರೆ ನಮ್ಮ ಉದ್ಯಮಕ್ಕೆ ಪೆಟ್ಟು.

ಆದ್ದರಿಂದ ಕೆಲವು ಮುನ್ನೆಚ್ಚರಿಕೆ ತೆಗೆದುಕೊಳ್ಳಿ. ಬನಾರಿಯಲ್ಲಿ ತಾಳಮದ್ದಳೆ ಇರುವ ದಿನ ಸುಳ್ಯಕ್ಕೆ ಕೆಲಸ ಹಚ್ಚಿಕೊಳ್ಳಿ. ಕರೆಯೋಲೆ ಕೊಡಲು ಬಂದವರಿಗೆ ಮೊದಲು ಆಸರಿಗೆ ಕೊಡಿ, ಆಮೇಲೆ ಹೊಗಳಿ, ದೇಣಿಗೆ ಕೇಳಿದರೆ ಅದನ್ನೂ ಕೊಡಿ, ಹೋಗಬೇಡಿ. ಹೋದರೆ ಏನಾಗುತ್ತದೆಂದು ಅನುಭವದ ಮಾತು ಹೇಳುತ್ತೇನೆ. ಭಾಗವತರು ನೀವು ಕೇಳದ ಪದ ಎತ್ತುತ್ತಾರೆ. ಅದು ನಿಮಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಮೆಚ್ಚದಿರುವುದು ಕಷ್ಟ. ಮೆಚ್ಚಿದಿರಿ ಎಂದಿಟ್ಟುಕೊಳ್ಳಿ, ಪಕ್ಕದಲ್ಲಿ ಕೂತವರೂ ಅದನ್ನೇ ಮೆಚ್ಚಿ, ನಿಮಗಿಂತ ಮೊದಲೇ ತಲೆದೂಗಿರುತ್ತಾರೆ. ಸಾಗಣೆಯಿಲ್ಲ, ಸುಂಕವಿಲ್ಲ, ನಿಮಗೊಬ್ಬರಿಗೇ ಗೊತ್ತು ಎನ್ನುವ ಹಾಗೂ ಇಲ್ಲ. ಇಂಥದ್ದನ್ನು ಇಟ್ಟುಕೊಂಡು ಪಂಡಿತರಾಗುವುದು ಎಲ್ಲಿಂದ?

ನಾಲ್ಕೂ ಆಲ್ಬಮಿನ ಸರಕು ತೀರಿದ ಮೇಲೆ ಮುಂದೇನು ಎಂದು ಚಿಂತಿಸಬೇಡಿ. ಈ ಹಂತಕ್ಕೆ ಬಂದವರಿಗೆಂದೇ ಒಂದು ವಿದ್ಯೆಯುಂಟು, ಅದರ ಗುರು ಅಮೆರಿಕದ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್. ಕ್ಯಾಲಿಫೋರ್ನಿಯಾದ ಸಾನ್ ಹೋಸೆ ಊರಲ್ಲಿ ಕೌಂಟ್ ಫೈವ್ ಎಂಬ ಹುಡುಗರ ಬ್ಯಾಂಡಿತ್ತು. ಡ್ರಾಕುಲನ ಹಾಗೆ ಮೇಲಂಗಿ ಹೊದ್ದು ನುಡಿಸುತ್ತಿದ್ದರು. 1966ರಲ್ಲಿ ‘ಸೈಕಾಟಿಕ್ ರಿಯಾಕ್ಷನ್’ ಎಂಬ ಹಾಡು ಐದನೇ ಸ್ಥಾನಕ್ಕೆ ಹೋಯಿತು. ಒಂದು ಆಲ್ಬಮ್ ಬಂತು. ಕಛೇರಿಗಳ ಆಹ್ವಾನ ಬಿಟ್ಟು ಹುಡುಗರು ಕಾಲೇಜಿಗೇ ಅಂಟಿಕೊಂಡರು. ಎರಡನೇ ಆಲ್ಬಮ್ ಬರಲೇ ಇಲ್ಲ. ಬ್ಯಾಂಗ್ಸ್ 1971ರಲ್ಲಿ ‘ಕ್ರೀಮ್’ ಪತ್ರಿಕೆಯಲ್ಲಿ ಅವರ ಮೇಲೆ ಉದ್ದನೆಯ ಲೇಖನ ಬರೆದು, ಬಾರದ ಆಲ್ಬಮುಗಳಿಗೆ ಒಂದೊಂದಾಗಿ ಹೆಸರಿಟ್ಟು, ಒಂದೊಂದನ್ನೂ ಗಂಭೀರವಾಗಿ ವಿಮರ್ಶಿಸಿದ. ಆ ಲೇಖನ ಇಂದಿಗೂ ಓದುವವರಿದ್ದಾರೆ; ಅವನ ಲೇಖನಗಳ ಸಂಕಲನಕ್ಕೆ ಅದರದ್ದೇ ಹೆಸರು.

ನೀವೂ ಹಾಗೇ ಮಾಡಿ, ಆದರೆ ಅವಸರಪಡಬೇಡಿ. ಮೊದಲು ನಿಜವಾದ ಬ್ಯಾಂಡಿಗೆ ಸುಳ್ಳು ಹಾಡೊಂದನ್ನು ಸೇರಿಸಿ. ಅದು ದಕ್ಕಿದರೆ ಸುಳ್ಳು ಆಲ್ಬಮ್. ಅದೂ ದಕ್ಕಿದರೆ ಬ್ಯಾಂಡನ್ನೇ ಹುಟ್ಟಿಸಿ. ಹೆಸರಿಗೆ ಒಂದು ಬೆಳೆ, ಒಂದು ಯಂತ್ರ. ‘ಕೊಕ್ಕೊ ಟೈಪ್‌ರೈಟರ್’ ಎಂದರೆ ಯಾರಿಗೂ ಸಂಶಯ ಬರುವುದಿಲ್ಲ, ನಮ್ಮ ಕಡೆಯ ಬೆಳೆಯನ್ನು ದೂರದ ದೇಶದವರೂ ಗುರುತಿಸಿದರಲ್ಲ ಎಂಬ ಸಂತೋಷವೂ ಆಗುತ್ತದೆ. ಡ್ರಮ್ ಬಾರಿಸುವವನನ್ನು ಮಧ್ಯದಲ್ಲಿ ಕೊಲ್ಲಿ. ಮೂಲ ಟೇಪು ಬೆಂಕಿಗೆ ಹೋಯಿತು ಎನ್ನಿ.

ಕೊನೆಯದಾಗಿ ಸೋದರಳಿಯ. ಅವನು ಬೆಂಗಳೂರಲ್ಲಿ ಕೆಲಸದಲ್ಲಿರುತ್ತಾನೆ, ಆಟಿಯಲ್ಲೋ ದೀಪಾವಳಿಗೋ ಬರುತ್ತಾನೆ. ಜಗಲಿಯಲ್ಲಿ ಕಾಲು ಚಾಚಿ, ನಿಮ್ಮ ಜೀವಮಾನದ ಸಂಗ್ರಹವನ್ನು ಫೋನಿನಲ್ಲಿ ಒಂದೇ ಮಧ್ಯಾಹ್ನ ಕೇಳಿ ಮುಗಿಸುತ್ತಾನೆ. ಬೂಷ್ಟಿಲ್ಲ, ಸೂಜಿಯಿಲ್ಲ. “ಮಾವ, ನಾಲ್ಕೂ ಕೇಳಿದೆ. ಮೂರನೆಯದು ಬೋರು. 2012ರಲ್ಲಿ ಇನ್ನೊಂದು ಬಂದಿದೆಯಲ್ಲ, ‘ವೇಕ್ ಅಪ್ ವೇರ್ ಯು ಆರ್’, ಅದೂ ಕೇಳಿದೆ” ಎನ್ನುತ್ತಾನೆ. ಮೂರನೆಯದು ಬೋರು ಎಂಬುದನ್ನು ಒಪ್ಪಬೇಡಿ. 2012ರದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನಿ. ಫೋನಿನಲ್ಲಿ ಕೇಳಿದ್ದು ಕೇಳಿದ ಲೆಕ್ಕವಲ್ಲ ಎಂದೂ ಹೇಳಬಹುದು, ಆದರೆ ಅದಕ್ಕೆ ಅವನು ನಗುತ್ತಾನೆ. ಸಿಟ್ಟು ಮಾಡಿಕೊಳ್ಳದೆ, ಕವಳದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, “ಹಾಗಾದರೆ 1970ರದ್ದೂ ಸಿಕ್ಕಿತಾ?” ಎಂದು ಕೇಳಿ. 1970ರಲ್ಲಿ ಅವರ ಹೊಸ ಆಲ್ಬಮ್ ಬಂದಿಲ್ಲ. ಅವನು ಫೋನು ತಿಕ್ಕುತ್ತಾ ಹುಡುಕುತ್ತಿರಲಿ, ನೆಟ್‌ವರ್ಕ್ ಸಿಗುವುದು ದನದ ಕೊಟ್ಟಿಗೆಯ ಆಚೆ ಬದಿಯಲ್ಲಿ ಎಂದು ತೋರಿಸಿಕೊಟ್ಟು ನೀವು ಸ್ನಾನಕ್ಕೆ ಹೋಗಿ.